ನಿಲ್ಲಿಸುವ ಮುನ್ನ ಕೇಳಬೇಕಾದದ್ದು

ಬೆಂಗಳೂರಿನ ಬೇಗೂರು ಮುಖ್ಯರಸ್ತೆಯಲ್ಲಿ ಸಂಜೆ ಆರೂವರೆ ದಾಟಿದರೆ ಕಾಲಿಡಲು ಜಾಗವಿರುವುದಿಲ್ಲ. ಬೊಮ್ಮನಹಳ್ಳಿ, ಹೊಂಗಸಂದ್ರದ ಗಾರ್ಮೆಂಟ್ಸ್ ಬಿಟ್ಟು ಹೆಂಗಸರು ಗುಂಪುಗುಂಪಾಗಿ ಬರುತ್ತಾರೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಖಾಲಿ ಟಿಫಿನ್ ಡಬ್ಬಿ, ಕಣ್ಣು ಸೊಪ್ಪಿನ ಗಾಡಿಯ ಮೇಲೆ. ಅಂಥದೊಂದು ಸಂಜೆ ಮೆಡಿಕಲ್ ಸ್ಟೋರಿನಲ್ಲಿ ನನಗಿಂತ ಮುಂದೆ ನಿಂತಿದ್ದಾಕೆ, ಪಕ್ಕದ ಗಂಡಸು ಹೋಗುವವರೆಗೂ ಕಾದು, ದನಿ ತಗ್ಗಿಸಿ, "ಅಣ್ಣ, ನಿಲ್ಲೋ ಮಾತ್ರೆ ನಾಲ್ಕು ಕೊಡಿ" ಎಂದಳು. ಏನು ನಿಲ್ಲಬೇಕು ಎಂದು ಅಂಗಡಿಯಾತ ಕೇಳಲಿಲ್ಲ. ಡ್ರಾಯರಿನಿಂದ ಪಟ್ಟಿ ತೆಗೆದು, ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ, ಪೇಪರಿನ ಚೂರಿನಲ್ಲಿ ಸುತ್ತಿ ಕೊಟ್ಟ. ಔಷಧದ ಹೆಸರು, ಅವಧಿ ಮುಗಿಯುವ ತಾರೀಖು ಎರಡೂ ಉಳಿದರ್ಧ ಪಟ್ಟಿಯ ಜೊತೆ ಡ್ರಾಯರಿಗೆ ವಾಪಸಾದವು. ಎಲ್ಲ ಸೇರಿ ಒಂದು ನಿಮಿಷ.

ಎಷ್ಟು ದಿನದಿಂದ ಹೋಗುತ್ತಿದೆ? ಕೊನೆಯ ಮುಟ್ಟು ಯಾವಾಗ? ಬಸಿರಿರಬಹುದೇ? ಈ ಮೂರು ಪ್ರಶ್ನೆಗಳನ್ನು ಅವಳನ್ನು ಯಾರೂ ಕೇಳಲಿಲ್ಲ. ಬಹುಶಃ ಅವಳೂ ಕೇಳಿಕೊಂಡಿರಲಿಲ್ಲ. ಅತಿಯಾದ, ಅಕಾಲದ ರಕ್ತಸ್ರಾವದ ವಿಷಯದಲ್ಲಿ ನಮ್ಮ ಸಮಾಜಕ್ಕೆ ಎರಡೇ ದಾರಿ ಗೊತ್ತು. ಒಂದು, ಸಹಿಸಿಕೊಳ್ಳುವುದು, ಆಗದಿದ್ದರೆ ಮಾತ್ರೆ ನುಂಗುವುದು. ಇನ್ನೊಂದು, ಸಾಕಾದಾಗ ಗರ್ಭಕೋಶವನ್ನೇ ತೆಗೆಸಿಬಿಡುವುದು. ಇವೆರಡರ ನಡುವೆ ಒಂದು ದೊಡ್ಡ ಬಯಲಿದೆ. ರಕ್ತ ಏಕೆ ಹೋಗುತ್ತಿದೆ ಎಂದು ವಿಚಾರಿಸುವ ಬಯಲು ಅದು. ಈ ಲೇಖನ ಅಲ್ಲಿ ಒಂದು ಸುತ್ತು.

ಬೈಟು ಕಾಫಿಯ ಅಳತೆ

ಅಸಹಜ ಎಂದು ಗುರುತಿಸಲು ಮೊದಲು ಸಹಜ ಎಷ್ಟೆಂದು ತಿಳಿದಿರಬೇಕು. ಒಂದು ಮುಟ್ಟಿನಲ್ಲಿ ಸರಾಸರಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. ನಮ್ಮ ಹೋಟೆಲುಗಳ ಒಂದು ಬೈಟು ಕಾಫಿಗಿಂತ ಕಡಿಮೆ. 80 ಮಿಲಿಲೀಟರ್ ದಾಟಿದರೆ ಅತಿ ಎಂದು ಹಳೆಯ ಪಠ್ಯಗಳು ಹೇಳುತ್ತಿದ್ದವು. ಆದರೆ ಮನೆಯಲ್ಲಿ ಯಾರೂ ಅಳತೆ ಲೋಟ ಹಿಡಿದು ಕೂರುವುದಿಲ್ಲವಲ್ಲ. ಹಾಗಾಗಿ ಈಗಿನ ವೈದ್ಯರು ಅಳತೆಯನ್ನು ಹೆಂಗಸಿನ ಕೈಗೇ ಕೊಟ್ಟಿದ್ದಾರೆ. ಅವಳ ಕೆಲಸ, ನಿದ್ದೆ, ಓಡಾಟ, ನೆಮ್ಮದಿಗೆ ಅಡ್ಡಿಯಾಗುವಷ್ಟು ಹೋದರೆ ಅದು ಅತಿಯೇ.

ಆದರೂ ಕೆಲವು ಗುರುತುಗಳನ್ನು ನೆನಪಿಟ್ಟುಕೊಳ್ಳಬಹುದು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 24ರಿಂದ 38 ದಿನ ಇರುವುದು ಸಹಜ. ಎಂಟು ದಿನದೊಳಗೆ ನಿಲ್ಲಬೇಕು. ಗಂಟೆಗೊಂದು ಪ್ಯಾಡ್ ನೆನೆದು, ಅದು ಎರಡು ಮೂರು ಗಂಟೆ ಹಾಗೇ ಮುಂದುವರಿಯುವುದು, ಒಂದರ ಮೇಲೊಂದು ಎರಡು ಪ್ಯಾಡ್ ಇಡಬೇಕಾಗುವುದು, ಹಾಸಿಗೆ ಬದಲಿಸಲು ನಡುರಾತ್ರಿ ಏಳುವುದು, 10 ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬೀಳುವುದು ಇವೆಲ್ಲ ಅತಿಯ ಲಕ್ಷಣಗಳು. ಎರಡು ಮುಟ್ಟಿನ ನಡುವೆ, ಗಂಡ ಹೆಂಡಿರ ಕೂಟದ ನಂತರ, ಬಸಿರಿನಲ್ಲಿ, ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಕಾಣುವ ರಕ್ತಕ್ಕೆ ಅಳತೆಯೇ ಬೇಡ. ಒಂದು ತೊಟ್ಟಾದರೂ ವಿಚಾರಿಸಬೇಕಾದದ್ದೇ.

ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಡೆ. "ಇಪ್ಪತ್ತು ದಿನಕ್ಕೇ ಬಂದುಬಿಡ್ತು" ಎಂದು ಗಾಬರಿಯಾಗುವವರ ಲೆಕ್ಕವನ್ನು ಬಿಡಿಸಿ ನೋಡಿ. ಮಾರ್ಚ್ 3ಕ್ಕೆ ಶುರುವಾಗಿ 8ಕ್ಕೆ ನಿಂತಿದೆ, ಮತ್ತೆ 28ಕ್ಕೆ ಬಂದಿದೆ. ಅವರು ನಿಂತ ದಿನದಿಂದ ಎಣಿಸಿದ್ದಾರೆ. ಶುರುವಾದ ದಿನದಿಂದ ಎಣಿಸಿದರೆ 25 ದಿನ, ಪೂರ್ತಿ ಸಹಜ. ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟುವ ತಾರೀಖು ಎಲ್ಲ ಗುರುತಾಗಿರುತ್ತದೆ. ಅದೇ ಹಾಳೆಯಲ್ಲಿ ಶುರುವಾದ ದಿನಕ್ಕೊಂದು ಚುಕ್ಕಿ, ನಿಂತ ದಿನಕ್ಕೊಂದು ಗೀಟು ಹಾಕಿದರೆ, ಮೂರು ತಿಂಗಳಲ್ಲಿ ಯಾವ ವೈದ್ಯರೂ ಮೆಚ್ಚುವ ದಾಖಲೆ ಸಿದ್ಧ.

ಮಾತಿನ ಮರೆ

ಗುರುತಿಸುವುದಕ್ಕೆ ಎರಡನೆಯ ಅಡ್ಡಿ ನಮ್ಮ ಮಾತು. ಹೊರಗಾದೆ, ರಜಾ ಆದೆ, ಡೇಟ್ ಆಯ್ತು, ಕಾಗೆ ಮುಟ್ಟಿತು: ಮುಟ್ಟಿಗೆ ಕನ್ನಡದಲ್ಲಿ ಮರೆಮಾತುಗಳು ಎಷ್ಟೋ. ರಜಸ್ಸಿನ ಸೂತಕವನ್ನು ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳಲ್ಲಿ ಉಳಿದ ನಾಲ್ಕರ ಜೊತೆಯಲ್ಲೇ ತಳ್ಳಿಹಾಕಿದ್ದರೂ, ದೇವರ ಮನೆಯ ಹೊಸ್ತಿಲಲ್ಲಿ ಅದು ಇಂದಿಗೂ ಕೂತಿದೆ. ಸಹಜ ಮುಟ್ಟಿನ ಬಗ್ಗೆಯೇ ಇಷ್ಟು ಮುಸುಕಿರುವಾಗ ಅಸಹಜದ ಬಗ್ಗೆ ಹೇಳುವುದು ಹೇಗೆ? "ಉಷ್ಣ ಆಗಿದೆ" ಎನ್ನುತ್ತಾರೆ. ಬಿಸಿಲು, ಪಪ್ಪಾಯಿ, ಹುರುಳಿ, ಹೊಲಿಗೆ ಮಷೀನಿನ ಕಾವು ಎಲ್ಲದರ ಮೇಲೂ ಅಪವಾದ ಬರುತ್ತದೆ. ಎಳನೀರು, ಮೆಂತ್ಯದ ಮಜ್ಜಿಗೆ ಕುಡಿದು ತಿಂಗಳುಗಟ್ಟಲೆ ಕಾಯುತ್ತಾರೆ. ಕುಡಿದರೆ ಕೇಡೇನಿಲ್ಲ, ಕೇಡಿರುವುದು ಕಾಯುವುದರಲ್ಲಿ.

ವೈದ್ಯರ ಮುಂದೆಯೂ ಮಾತು ಅರ್ಧಕ್ಕೇ ನಿಲ್ಲುತ್ತದೆ. "ತುಂಬಾ ಹೋಗುತ್ತೆ ಮೇಡಂ" ಎಂದರೆ ದಿನಕ್ಕೆ ಮೂರು ಪ್ಯಾಡೋ ಹನ್ನೆರಡೋ ತಿಳಿಯದು. "ಗಂಟುಗಂಟಾಗಿ ಹೋಗುತ್ತೆ" ಎನ್ನುವುದು ಹೆಪ್ಪಿನ ಸುದ್ದಿ, ಕಿವಿಗೊಡಬೇಕಾದ ಮಾತು. ಕೆಲವೊಮ್ಮೆ ರಕ್ತ ಬರುತ್ತಿರುವ ಜಾಗವೇ ಬೇರೆ. ಮೂಲವ್ಯಾಧಿಯ ರಕ್ತ, ಮೂತ್ರದ ಸೋಂಕಿನ ರಕ್ತ ಬಟ್ಟೆಯ ಮೇಲೆ ಒಂದೇ ಬಣ್ಣ. ಮೂತ್ರ ಮಾಡುವಾಗ ಮಾತ್ರ ಕಾಣುತ್ತದೆಯೇ, ಮಲ ಹೋಗುವಾಗ ಮಾತ್ರವೇ ಎಂಬ ಸರಳ ಪ್ರಶ್ನೆ ಎಷ್ಟೋ ಗೊಂದಲ ಬಿಡಿಸುತ್ತದೆ.

ಗೋಡೆಯ ದೋಷ, ಗಡಿಯಾರದ ದೋಷ

ಒಂದೇ ತೊಂದರೆಗೆ ಊರಿಗೊಂದು ಹೆಸರಿದ್ದ ಕಾಲ ವೈದ್ಯಶಾಸ್ತ್ರದಲ್ಲೂ ಇತ್ತು. 2011ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ, ಬಸಿರಿಲ್ಲದ, ಮುಟ್ಟಾಗುವ ವಯಸ್ಸಿನ ಹೆಂಗಸರ ಅಸಹಜ ರಕ್ತಸ್ರಾವದ ಕಾರಣಗಳನ್ನು ಒಂಬತ್ತು ಗುಂಪಾಗಿ ವಿಂಗಡಿಸಿತು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಪಾಮ್-ಕಾಯಿನ್ ಎನ್ನುತ್ತಾರೆ. ಮನೆಯ ಹೋಲಿಕೆಯಲ್ಲಿ ಹೇಳುವುದಾದರೆ, ಮೊದಲ ನಾಲ್ಕು ಗೋಡೆಯ ದೋಷಗಳು. ಸ್ಕ್ಯಾನಿಂಗಿನಲ್ಲೋ ಸೂಕ್ಷ್ಮದರ್ಶಕದಲ್ಲೋ ಕಣ್ಣಿಗೆ ಬೀಳುತ್ತವೆ. ಉಳಿದ ಐದರಲ್ಲಿ ಹೆಚ್ಚಿನವು ಗಡಿಯಾರದ ದೋಷಗಳು. ಗೋಡೆ ಸರಿಯಿದ್ದರೂ ಹೊತ್ತು ತಪ್ಪುತ್ತದೆ.

ಗೋಡೆಯ ದೋಷಗಳಲ್ಲಿ ಮೊದಲನೆಯದು ಪಾಲಿಪ್. ಗರ್ಭಕೋಶದ ಒಳಪದರದಲ್ಲೋ ಅದರ ಬಾಯಲ್ಲೋ ದ್ರಾಕ್ಷಿಯಂತೆ ಜೋತುಬೀಳುವ ಪುಟ್ಟ ಬೆಳವಣಿಗೆ. ನಡುನಡುವೆ ಕಲೆ ಕಾಣಿಸುವುದಕ್ಕೆ ಇದು ಸಾಮಾನ್ಯ ಕಾರಣ. ಎರಡನೆಯದು ಅಡಿನೊಮಯೋಸಿಸ್. ಒಳಪದರದ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ಬೇರುಬಿಡುತ್ತದೆ. ಗರ್ಭಕೋಶ ಊದಿ, ಮುಟ್ಟು ಹೆಚ್ಚಾಗಿ, ಹೊಟ್ಟೆ ಕಿವುಚಿದಂತಾಗುತ್ತದೆ. ಮೂರನೆಯದು ಎಲ್ಲರಿಗೂ ಗೊತ್ತಿರುವ ಗಡ್ಡೆ, ಫೈಬ್ರಾಯ್ಡ್. ಇದು ಸ್ನಾಯುವಿನ ಗಂಟು. ಐವತ್ತರೊಳಗೆ ಬಹುಪಾಲು ಹೆಂಗಸರಲ್ಲಿ ಒಂದಾದರೂ ಇರುತ್ತದೆ, ಅನೇಕರಿಗೆ ಇರುವುದೇ ಗೊತ್ತಾಗುವುದಿಲ್ಲ. ಗಾತ್ರಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಒಳಪದರಕ್ಕೆ ಒತ್ತಿಕೊಂಡ ಕಡಲೆಯಷ್ಟು ಗಡ್ಡೆ ಮನೆಯೆಲ್ಲ ರಕ್ತ ಮಾಡಿದರೆ, ಹೊರಗೋಡೆಗೆ ಅಂಟಿದ ನಿಂಬೆಯಷ್ಟು ಗಡ್ಡೆ ಸುಮ್ಮನಿರಬಹುದು. ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದು ಬೆವರುವ ಅಗತ್ಯವಿಲ್ಲ. ಫೈಬ್ರಾಯ್ಡ್ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ನಾಲ್ಕನೆಯದು ಒಳಪದರ ಅತಿಯಾಗಿ ದಪ್ಪವಾಗುವುದು ಮತ್ತು ಕ್ಯಾನ್ಸರ್.

ಗಡಿಯಾರದ ದೋಷಗಳಲ್ಲಿ ದೊಡ್ಡದು ಅಂಡ ಬಿಡುಗಡೆಯ ಏರುಪೇರು. ಅಂಡ ಬಿಡುಗಡೆಯಾಗದ ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಹುಟ್ಟುವುದಿಲ್ಲ. ಈಸ್ಟ್ರೋಜನ್ ಒಂದೇ ಒಳಪದರವನ್ನು ಬೆಳೆಸುತ್ತ ಹೋಗುತ್ತದೆ. ಎರಡು ಮೂರು ತಿಂಗಳು ಮುಟ್ಟೇ ಇಲ್ಲ, ಆಮೇಲೆ ಕಟ್ಟೆ ಒಡೆದಂತೆ ಹದಿನೈದು ದಿನ. ಪಿಸಿಓಡಿ, ಥೈರಾಯ್ಡ್ ಕೊರತೆ, ಪ್ರೊಲ್ಯಾಕ್ಟಿನ್ ಏರಿಕೆ, ವಿಪರೀತ ತೂಕದ ಏರಿಳಿತ, ಮುಟ್ಟು ನಿಲ್ಲುವ ಮೊದಲಿನ ವರ್ಷಗಳು ಎಲ್ಲವೂ ಈ ದಾರಿಯಲ್ಲೇ ಕೆಲಸ ಮಾಡುತ್ತವೆ. ಮುಟ್ಟು ತಡವಾಗುವುದೂ ಅತಿಯಾಗುವುದೂ ಒಂದೇ ಬೇರಿನ ಎರಡು ಕೊಂಬೆ ಎಂಬುದು ಹಲವರಿಗೆ ಹೊಳೆದಿರುವುದಿಲ್ಲ. ಇನ್ನು ಕೆಲವರಲ್ಲಿ ಒಳಪದರಕ್ಕೇ ರಕ್ತ ತಡೆಯುವ ಚೈತನ್ಯ ಕಡಿಮೆ ಇರುತ್ತದೆ, ಇಲ್ಲವೇ ಅಲ್ಲಿ ಸೋಂಕು ಕೂತಿರುತ್ತದೆ.

ಕೊನೆಗೆ, ನಾವೇ ತಂದುಕೊಂಡ ಕಾರಣಗಳು. ಕಾಪರ್-ಟಿ ಹಾಕಿಸಿದ ಮೊದಲ ತಿಂಗಳುಗಳಲ್ಲಿ ಮುಟ್ಟು ಹೆಚ್ಚುವುದುಂಟು. 2017ರಿಂದ ಸರ್ಕಾರಿ ಕೇಂದ್ರಗಳಲ್ಲಿ ಕೊಡುತ್ತಿರುವ ಗರ್ಭನಿರೋಧಕ ಅಂತರಾ ಚುಚ್ಚುಮದ್ದು ಮುಟ್ಟನ್ನು ಅಡ್ಡಾದಿಡ್ಡಿ ಮಾಡಬಹುದು. ರಕ್ತ ತೆಳುವಾಗಿಸುವ ಹೃದ್ರೋಗದ ಔಷಧ, ಸ್ತನ ಕ್ಯಾನ್ಸರಿಗೆ ಕೊಡುವ ಟಾಮಾಕ್ಸಿಫೆನ್ ಕೂಡ ಈ ಪಟ್ಟಿಯಲ್ಲಿವೆ. ಮನೆಯಲ್ಲಿ ಗೃಹಪ್ರವೇಶವೋ ಜಾತ್ರೆಯೋ ಎಂದು ಮುಟ್ಟು ಮುಂದೂಡುವ ಮಾತ್ರೆ ನುಂಗುವವರು ನಮ್ಮ ನಡುವೆ ಬಹಳ. ಆ ಮಾತ್ರೆ ಬಿಟ್ಟ ಎರಡು ಮೂರು ದಿನಕ್ಕೆ ರಕ್ತ ಬಂದೇ ಬರುತ್ತದೆ. ಡೋಸು ತಪ್ಪಿದರೆ ಪೂಜೆಯ ನಡುವೆಯೂ ಬರುತ್ತದೆ. ಅದು ದೇವರ ಕೋಪವಲ್ಲ, ಹಾರ್ಮೋನಿನ ಲೆಕ್ಕ.

ವಯಸ್ಸಿಗೊಂದು ಪ್ರಶ್ನೆ

ಇದೇ ರಕ್ತ ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ಸಂಗತಿ ಹೇಳುತ್ತದೆ.

ಹುಟ್ಟಿದ ವಾರದೊಳಗೆ ಹೆಣ್ಣುಕೂಸಿನ ಬಟ್ಟೆಯಲ್ಲಿ ಒಂದೆರಡು ತೊಟ್ಟು ರಕ್ತ ಕಂಡರೆ ಅಜ್ಜಿಯರು ಬೆಚ್ಚುತ್ತಾರೆ. ತಾಯಿಯ ಹಾರ್ಮೋನು ಕೂಸಿನ ಮೈಯಿಂದ ಇಳಿಯುವಾಗ ಹಾಗಾಗುತ್ತದೆ, ತಾನೇ ನಿಲ್ಲುತ್ತದೆ. ಆದರೆ ಅಲ್ಲಿಂದ ಎಂಟು ವರ್ಷದವರೆಗೆ ಕಾಣುವ ರಕ್ತ ಎಂದೂ ಸಹಜವಲ್ಲ. ಗಾಯ, ಒಳಗೆ ಸಿಕ್ಕಿಕೊಂಡ ವಸ್ತು, ಕಾಲಕ್ಕೆ ಮೊದಲೇ ಮೈನೆರೆಯುವುದು, ಹೇಳಿಕೊಳ್ಳಲಾಗದ ದೌರ್ಜನ್ಯ ಎಲ್ಲವನ್ನೂ ಮೆಲ್ಲಗೆ ವಿಚಾರಿಸಬೇಕು.

ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಅಂಕೆಗೆ ಸಿಗದಿರುವುದು ಸಾಮಾನ್ಯ. ಮಿದುಳು ಮತ್ತು ಅಂಡಾಶಯದ ಮಾತುಕತೆ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಆದರೆ ಮೊದಲ ಮುಟ್ಟಿನಿಂದಲೇ ಶಾಲೆಯ ಬೆಂಚು ಒದ್ದೆಯಾಗುವಷ್ಟು ಹೋಗುತ್ತಿದ್ದರೆ "ವಯಸ್ಸಿಗೆ ಬಂದ ಮೇಲೆ ಸರಿಹೋಗುತ್ತೆ" ಎಂದು ಕೈಬಿಡಬಾರದು. ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪದ ಹುಡುಗಿಯೊಬ್ಬಳನ್ನು ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲೆಬ್ರಾಂಡ್ ಅವಳ ಐದನೆಯ ವಯಸ್ಸಿನಲ್ಲಿ ಪರೀಕ್ಷಿಸಿದ್ದ. ಅವಳ ಮನೆತನದಲ್ಲಿ ಹರಿದುಬಂದ ರಕ್ತಸ್ರಾವದ ಕಾಯಿಲೆಯನ್ನು 1926ರಲ್ಲಿ ಪ್ರಕಟಿಸಿದ. ಆ ಹುಡುಗಿ 13ನೆಯ ವಯಸ್ಸಿನಲ್ಲಿ, ತನ್ನ ನಾಲ್ಕನೆಯ ಮುಟ್ಟಿನಲ್ಲಿ, ರಕ್ತ ನಿಲ್ಲದೆ ಸತ್ತಳು. ಆ ಕಾಯಿಲೆ ಇಂದು ಅವನ ಹೆಸರಿನಲ್ಲೇ ಇದೆ. ಅತಿ ಮುಟ್ಟಿನ ಹುಡುಗಿಯರಲ್ಲಿ ಇದನ್ನು ಹುಡುಕಲೇಬೇಕು. ಸುಳಿವುಗಳು ಮನೆಯಲ್ಲೇ ಇರುತ್ತವೆ: ಮೂಗಿನಿಂದ ಪದೇ ಪದೇ ರಕ್ತ, ತಾಗಿದರೆ ನೀಲಿಗಟ್ಟುವ ಚರ್ಮ, ಹಲ್ಲು ಕೀಳಿಸಿದಾಗ ನಿಲ್ಲದ ರಕ್ತ, ತಾಯಿಗೂ ಇದ್ದ ಇದೇ ಕಥೆ. ಹಿಮೋಫಿಲಿಯಾ ಗಂಡುಮಕ್ಕಳ ಕಾಯಿಲೆ ಎಂದು ನಾವು ತಿಳಿದಿರುವುದರಿಂದ ಹುಡುಗಿಯರ ರಕ್ತದೋಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಪ್ಪತ್ತರಿಂದ ನಲವತ್ತರವರೆಗೆ ಮೊದಲ ಪ್ರಶ್ನೆ ಒಂದೇ: ಬಸಿರೇ? ಮದುವೆಯಾಗಿಲ್ಲ, ಗಂಡ ಊರಲ್ಲಿಲ್ಲ, ಆಪರೇಷನ್ ಆಗಿದೆ ಎಂಬ ಯಾವ ಉತ್ತರವೂ ಮೂತ್ರದ ಪರೀಕ್ಷೆಯ ಬದಲಿಗೆ ಬರಲಾರದು. ಬಸಿರಿನ ಮೊದಲ ಮೂರು ತಿಂಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣುತ್ತದೆ. ಅವರಲ್ಲಿ ಸುಮಾರು ಅರ್ಧ ಮಂದಿಯ ಬಸಿರು ಉಳಿದು ಮುಂದುವರಿಯುತ್ತದೆ. ಭಯಪಡಬೇಕಾದದ್ದು ಗರ್ಭನಾಳದಲ್ಲಿ ಕೂತ ಬಸಿರಿಗೆ. ಮುಟ್ಟು ಒಂದೆರಡು ವಾರ ತಡ, ಆಮೇಲೆ ಕಂದು ಬಣ್ಣದ ಕಲೆ, ಕೆಳಹೊಟ್ಟೆಯ ಒಂದೇ ಪಕ್ಕ ನೋವು, ತಲೆಸುತ್ತು, ಕೆಲವೊಮ್ಮೆ ಹೆಗಲ ತುದಿಯಲ್ಲಿ ನೋವು. ಹೊರಗೆ ಕಾಣುವ ರಕ್ತ ತೀರಾ ಕಡಿಮೆ, ಒಳಗೆ ಹೊಟ್ಟೆ ತುಂಬ ರಕ್ತ. ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಆಪರೇಷನ್ ಆದ ಮೇಲೆ ಬಸಿರಾಗುವುದು ಅಪರೂಪ. ಆದರೆ ಹಾಗೇನಾದರೂ ಆದಲ್ಲಿ, ಅದು ನಾಳದಲ್ಲೇ ಕೂರುವ ಸಾಧ್ಯತೆ ಹೆಚ್ಚು. "ನನಗೆ ಆಪರೇಷನ್ ಆಗಿದೆ" ಎಂಬ ಧೈರ್ಯವೇ ಇಲ್ಲಿ ಅಪಾಯ. ಆಪರೇಷನ್ನಿನಿಂದಲೇ ಮುಟ್ಟು ಹೆಚ್ಚಾಯಿತೆಂಬ ದೂರು ಊರೂರಲ್ಲಿದೆ. ದೊಡ್ಡ ಅಧ್ಯಯನಗಳು ಅದನ್ನು ಒಪ್ಪಿಲ್ಲ. ಆ ದೂರಿನ ನೆರಳಲ್ಲಿ ಗಡ್ಡೆಯೋ ಥೈರಾಯ್ಡೋ ಅಡಗಿರುವುದುಂಟು.

ಗರ್ಭಪಾತದ ಮಾತ್ರೆಯ ಮಾತನ್ನೂ ಇಲ್ಲೇ ಹೇಳಬೇಕು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಕದ್ದುಮುಚ್ಚಿ ನುಂಗಿ, ಅರ್ಧ ಉಳಿದುಹೋಗಿ, ಎರಡು ವಾರ ರಕ್ತ ಹೋಗಿ ಜ್ವರ ಬಂದ ಮೇಲೆ ಆಸ್ಪತ್ರೆಗೆ ಬರುವವರು ನಿಜ ಹೇಳಲು ಹೆದರುತ್ತಾರೆ. ನಮ್ಮಲ್ಲಿ ಗರ್ಭಪಾತಕ್ಕೆ 1971ರಿಂದಲೂ ಕಾನೂನಿನ ರಕ್ಷಣೆಯಿದೆ, 2021ರ ತಿದ್ದುಪಡಿ ಮದುವೆಯಾಗದವರನ್ನೂ ಒಳಗೊಂಡಿದೆ. ಗುಟ್ಟು ಕಾಯುವುದು ವೈದ್ಯರ ಕರ್ತವ್ಯ.

ತುಂಬು ಬಸಿರಿನ ರಕ್ತಕ್ಕೆ ಒಂದೇ ಸಾಲು ಸಾಕು: ನೋವಿರಲಿ ಇಲ್ಲದಿರಲಿ, ಆಸ್ಪತ್ರೆಗೆ ಹೊರಡಬೇಕು. ನೋವಿಲ್ಲದೆ ಹೋಗುವ ರಕ್ತ, ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿರುವುದರ ಗುರುತಾಗಿರಬಹುದು.

ನಲವತ್ತೈದರ ಆಚೆ ಪ್ರಶ್ನೆ ಬದಲಾಗುತ್ತದೆ. "ನಿಲ್ಲೋ ಕಾಲಕ್ಕೆ ಹೀಗೇ ಕಣೆ, ಒಂದು ಸಲ ಜೋರಾಗಿ ಹೋಗಿ ನಿಲ್ಲುತ್ತೆ" ಎಂಬ ನೆರೆಮನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ವರ್ಷಗಳಲ್ಲಿ ಮುಟ್ಟು ಹಿಂದುಮುಂದಾಗುತ್ತದೆ. ಆದರೆ ಒಳಪದರದ ಕ್ಯಾನ್ಸರೂ ಇದೇ ಹೊತ್ತಿನಿಂದ ಬಾಗಿಲು ತಟ್ಟುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು, ವರ್ಷಗಳ ಪಿಸಿಓಡಿ ಇದ್ದವರಿಗೆ ಅಪಾಯ ಹೆಚ್ಚು. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡ ಹೆಂಗಸರಲ್ಲಿ ಸುಮಾರು ನೂರಕ್ಕೆ ಒಂಬತ್ತು ಮಂದಿಗೆ ಒಳಪದರದ ಕ್ಯಾನ್ಸರ್ ಇರುತ್ತದೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಲೆಕ್ಕ ಹೇಳುತ್ತದೆ. ತೊಂಬತ್ತೊಂದು ಮಂದಿಗೆ ಇರುವುದಿಲ್ಲ ಎಂಬುದೂ ಅದೇ ಲೆಕ್ಕ. ಹೆಚ್ಚಿನವರಿಗೆ ಒಳಪದರ ಸವೆದು ತೆಳುವಾಗಿರುವುದಷ್ಟೇ ಕಾರಣ. ಇದನ್ನು ತಿರುಗಿಸಿ ನೋಡಿದರೆ ಇನ್ನೊಂದು ಸಮಾಧಾನವಿದೆ. ಆ ಕ್ಯಾನ್ಸರ್ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಮೊದಲು ಕಾಣುವುದು ರಕ್ತವೇ. ಕಾಯಿಲೆ ಮೊದಲೇ ಕೂಗಿ ಹೇಳುತ್ತದೆ, ಕೇಳಿಸಿಕೊಂಡರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ.

ಗರ್ಭಕೊರಳಿನ ಕೂಗು

ಗರ್ಭಕೊರಳಿನ ಕ್ಯಾನ್ಸರಿಗೆ ಬೇರೆ ಪುಟ ಬೇಕು. ಕೂಟದ ನಂತರದ ರಕ್ತ, ನಾರುವ ನೀರಿನಂಥ ಸ್ರಾವ, ಮುಟ್ಟಿನ ನಡುವಿನ ಕಲೆ ಇದರ ಗುರುತುಗಳು. ಕೂಟದ ನಂತರ ರಕ್ತ ಕಂಡವರಲ್ಲಿ ಬಹುಪಾಲಿಗೆ ಸೋಂಕೋ ಪಾಲಿಪೋ ಇರುತ್ತದೆ. ಆದರೆ ಕಣ್ಣಿಂದ ನೋಡದೆ ಹಾಗೆನ್ನುವಂತಿಲ್ಲ. ಮತ್ತು ಈ ಲಕ್ಷಣವನ್ನು ಬಾಯಿಬಿಟ್ಟು ಹೇಳುವುದೇ ನಮ್ಮ ಹೆಂಗಸರಿಗೆ ಎಲ್ಲಕ್ಕಿಂತ ಕಷ್ಟ. ಭಾರತದಲ್ಲಿ 2022ನೇ ವರ್ಷವೊಂದರಲ್ಲೇ ಈ ಕ್ಯಾನ್ಸರಿನ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು ಎಂದು ಜಾಗತಿಕ ಅಂದಾಜು ಹೇಳುತ್ತದೆ.

ಬೇಗೂರಿನಿಂದ ಹತ್ತಿಪ್ಪತ್ತು ಕಿಲೋಮೀಟರಿನೊಳಗೇ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಎಂಬ ಕ್ಯಾನ್ಸರ್ ಆಸ್ಪತ್ರೆ ಇದೆ. 1973ರಲ್ಲಿ ಶುರುವಾದ ಆ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನು ನಡೆಸುತ್ತ ಬಂದಿದೆ. ಮೊದಲ ವರ್ಷಗಳಲ್ಲಿ ನಗರದ ಹೆಂಗಸರ ಕ್ಯಾನ್ಸರುಗಳಲ್ಲಿ ಗರ್ಭಕೊರಳಿನದೇ ಮುಂದಿತ್ತು. ದಶಕಗಳಲ್ಲಿ ಅದು ಇಳಿದು ಸ್ತನ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂತು. ಇಳಿದಿದೆ, ಅಳಿದಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ ಸವರಿ, ಬಿಳಿ ಮಚ್ಚೆ ಏಳುತ್ತದೆಯೇ ನೋಡುವ ಪರೀಕ್ಷೆಯಿದೆ. ಅಡುಗೆಮನೆಯ ವಿನೆಗರಿನಲ್ಲಿರುವುದೂ ಅದೇ ಆಮ್ಲ. ಕೆಲವೇ ನಿಮಿಷದ ಕೆಲಸ. ಈ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವೈರಸ್ಸಿನ ವಿರುದ್ಧ ದೇಶೀಯ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಿದೆ. ರಕ್ತ ಕಾಣುವ ಮೊದಲೇ ಮಾಡಬೇಕಾದ ಕೆಲಸಗಳಿವು.

ಸದ್ದಿಲ್ಲದ ಸೋರಿಕೆ

ಎಲ್ಲ ರಕ್ತಸ್ರಾವವೂ ಆಸ್ಪತ್ರೆಗೆ ಓಡಿಸುವುದಿಲ್ಲ. ಹೆಚ್ಚಿನದು ನಲ್ಲಿಯ ಸೋರಿಕೆಯಂತೆ, ತಿಂಗಳು ತಿಂಗಳೂ ತೊಟ್ಟಿಕ್ಕಿ ಟ್ಯಾಂಕ್ ಖಾಲಿ ಮಾಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಮಂದಿಗೆ ರಕ್ತಹೀನತೆ ಕಂಡುಬಂತು. ಹಿಂದಿನ ಸುತ್ತಿನಲ್ಲಿ ಅದು 44.8% ಇತ್ತು. ಊಟದ ಕೊರತೆ, ಜಂತುಹುಳ ಇದರಲ್ಲಿ ಪಾಲುದಾರರು. ಅತಿ ಮುಟ್ಟೂ ಒಬ್ಬ ಪಾಲುದಾರ.

ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು ತಿನ್ನಬೇಕೆಂಬ ಚಪಲ: ಇವು ಕಬ್ಬಿಣದ ಕೊರತೆಯ ಮಾತುಗಳು. ಡಬ್ಬಿಯಿಂದ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಸೊಸೆಯನ್ನು ಗದರುವ ಬದಲು ಅವಳ ಹಿಮೋಗ್ಲೋಬಿನ್ ನೋಡಿಸಬೇಕು. ಬಸಿರಿಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿಳಿದರೆ ತೀವ್ರ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕದ ಜೊತೆ ಹತ್ತುತ್ತದೆ. ಆದರೆ ಸೋರುವ ಜಾಗ ಮುಚ್ಚದೆ ನೀರು ತುಂಬಿ ಫಲವಿಲ್ಲ.

ಹೊಲಿಗೆ ಮಷೀನಿನ ಮುಂದೆ ಎಂಟು ಗಂಟೆ ಕೂರುವವಳಿಗೆ ಇದು ಇನ್ನೂ ಜಟಿಲ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ತಲೆಯ ಮೇಲಿದ್ದರೆ ಪ್ಯಾಡ್ ಬದಲಿಸಲು ಏಳುವುದೂ ಲೆಕ್ಕಾಚಾರವೇ. ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಗಾರ್ಮೆಂಟ್ಸ್ ಕೂಡ ಅದರ ವ್ಯಾಪ್ತಿಯಲ್ಲಿದೆ. ಒಳ್ಳೆಯದೇ. ಆದರೆ ತಿಂಗಳಿಗೊಂದು ರಜೆ ಸಹಜ ಮುಟ್ಟಿನ ಆಯಾಸಕ್ಕೆ ಸಾಕಾದೀತು. ಪ್ರತಿ ತಿಂಗಳೂ ಆ ಒಂದು ದಿನ ಸಾಲುತ್ತಿಲ್ಲ ಎನ್ನಿಸಿದರೆ, ಆ ರಜೆಯನ್ನು ಒಮ್ಮೆ ಆಸ್ಪತ್ರೆಯ ಸರದಿಯಲ್ಲಿ ಕಳೆಯಬೇಕು.

ಪರೀಕ್ಷೆ ಎಂದರೆ ಏನು

ಹೆಂಗಸರನ್ನು ಆಸ್ಪತ್ರೆಯಿಂದ ದೂರ ಇಡುವುದು ಖರ್ಚೊಂದೇ ಅಲ್ಲ, "ಒಳಗೆ ಏನು ಮಾಡುತ್ತಾರೋ" ಎಂಬ ಅಂಜಿಕೆ. ಮೊದಲ ಭೇಟಿಯಲ್ಲಿ ನಡೆಯುವುದು ಬಹಳ ಸರಳ. ಕೊನೆಯ ಮುಟ್ಟಿನ ತಾರೀಖು ಕೇಳುತ್ತಾರೆ. ಮೂತ್ರದಲ್ಲಿ ಬಸಿರಿನ ಪರೀಕ್ಷೆ, ರಕ್ತದಲ್ಲಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬೇಕಿದ್ದರೆ ಥೈರಾಯ್ಡ್. ಹೊಟ್ಟೆಯ ಮೇಲೆ ಸ್ಕ್ಯಾನಿಂಗ್. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ಮಾಡುತ್ತಾರೆ, ಒಳಪರೀಕ್ಷೆಗೆ ಒಪ್ಪಿಗೆ ಕೇಳಲೇಬೇಕು, ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ. 45 ದಾಟಿದವರಿಗೆ ಒಳಪದರದ ಚೂರು ತೆಗೆದು ನೋಡುವ ಬಯಾಪ್ಸಿ ಬೇಕಾಗಬಹುದು. ಮುಟ್ಟು ನಿಂತವರಲ್ಲಿ ಒಳಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ಅದನ್ನು ಸಾಮಾನ್ಯವಾಗಿ ಬಿಡುವುದಿಲ್ಲ.

ಇದಕ್ಕೆಲ್ಲ ಬೇಗೂರಿನವರು ದೂರ ಹೋಗಬೇಕಿಲ್ಲ. ಹತ್ತಿರದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ 'ನಮ್ಮ ಕ್ಲಿನಿಕ್' ಹೆಸರಿನ ಸರ್ಕಾರಿ ಚಿಕಿತ್ಸಾಲಯದಲ್ಲೋ ಮೊದಲ ಮಾತು ಆಡಬಹುದು. ಜಯನಗರದಲ್ಲಿ ಜನರಲ್ ಆಸ್ಪತ್ರೆಯಿದೆ. 1935ರಿಂದ ಹೆಂಗಸರು ಮಕ್ಕಳಿಗೆಂದೇ ನಡೆಯುತ್ತಿರುವ ವಾಣಿ ವಿಲಾಸ ಆಸ್ಪತ್ರೆಗೆ ಈಗ ದಾರಿ ಸುಲಭ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೊವನ್ನು ಹೊಂಗಸಂದ್ರದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಬಹುದು. ಗಾರ್ಮೆಂಟ್ಸ್‌ನವರ ಸಂಬಳದಿಂದ ಕಾರ್ಮಿಕರ ವಿಮೆಯಾದ ಇ.ಎಸ್.ಐ.ಗೆ 0.75% ಮುರಿಯುತ್ತಾರೆ, ಮಾಲೀಕರು 3.25% ಸೇರಿಸುತ್ತಾರೆ. ಆದರೆ ಚಿಕಿತ್ಸೆಗೆಂದೇ ಇರುವ ಆ ವಿಮೆಯ ಕಾರ್ಡು ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿರುತ್ತದೆ.

ಚಾಕುವಿನ ಆತುರ

ಸಹನೆಯ ತುದಿಯಲ್ಲಿ ಇರುವುದೇ ಚಾಕು. "ಮಕ್ಕಳಾಯ್ತಲ್ಲ, ಇನ್ನು ಆ ಚೀಲ ಯಾಕೆ, ತೆಗೆಸಿಬಿಡಿ" ಎಂಬ ಮಾತು ಮನೆಯಲ್ಲೂ ಆಸ್ಪತ್ರೆಯಲ್ಲೂ ಕೇಳುತ್ತದೆ. ದಶಕದ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಬೆನ್ನುನೋವು, ಬಿಳಿಸೆರಗು, ಮುಟ್ಟಿನ ತೊಂದರೆ ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಬಡ ಲಂಬಾಣಿ, ದಲಿತ ಹೆಂಗಸರು ಗರ್ಭಕೋಶ ಕಳೆದುಕೊಂಡು ಬಂದ ಕಥೆ ಬಯಲಾಯಿತು. ಹಲವರಿಗೆ ಇನ್ನೂ ನಲವತ್ತಾಗಿರಲಿಲ್ಲ. ತನಿಖೆಗಳು ನಡೆದವು, ಹೆಂಗಸರು ಬೀದಿಗಿಳಿದರು. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 3.3% ಮಂದಿಗೆ ಗರ್ಭಕೋಶ ತೆಗೆದಾಗಿದೆ. ಕಾರಣ ಕೇಳಿದಾಗ ಅವರಲ್ಲಿ ಅರ್ಧದಷ್ಟು ಮಂದಿ ಹೇಳಿದ್ದು ವಿಪರೀತ ರಕ್ತಸ್ರಾವ.

ಕ್ಯಾನ್ಸರಿಗೆ, ಬೇರಾವುದಕ್ಕೂ ಬಗ್ಗದ ಗಡ್ಡೆಗೆ, ಜೀವ ಹಿಂಡುವ ಅಡಿನೊಮಯೋಸಿಸ್‌ಗೆ ಈ ಶಸ್ತ್ರಚಿಕಿತ್ಸೆ ವರವೇ. ಆದರೆ ಅದು ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ನೋವನ್ನೂ ರಕ್ತವನ್ನೂ ತಗ್ಗಿಸುವ ಮೆಫೆನಮಿಕ್ ಆಮ್ಲ, ಹಾರ್ಮೋನು ಮಾತ್ರೆ, ಪಾಲಿಪ್ ಕಿತ್ತುಹಾಕುವುದು, ಗಡ್ಡೆ ಮಾತ್ರ ಬಿಡಿಸುವುದು ಎಂಬ ಮೆಟ್ಟಿಲುಗಳಿವೆ. ಗರ್ಭಕೋಶದೊಳಗೆ ಕೂತು ಹಾರ್ಮೋನು ಜಿನುಗಿಸುವ ಸಾಧನ ರಕ್ತವನ್ನು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಇಳಿಸಬಲ್ಲದು. ಗರ್ಭಕೋಶದ ಜೊತೆ ಅಂಡಾಶಯವೂ ಹೋದರೆ ಮುಟ್ಟು ನಿಲ್ಲುವ ವಯಸ್ಸು ಒಂದೇ ದಿನದಲ್ಲಿ ಬಂದುಬಿಡುತ್ತದೆ. ಮೂಳೆ ಸವೆತ, ಹೃದಯದ ಅಪಾಯ ಹಿಂದೆಯೇ ಬರುತ್ತವೆ. "ಬೇರೆ ದಾರಿ ಏನಿದೆ? ಅಂಡಾಶಯ ಉಳಿಸುತ್ತೀರಾ?" ಎಂದು ಕೇಳುವುದು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಉದ್ಧಟತನವಲ್ಲ.

ಮತ್ತೆ ಆ ನಾಲ್ಕು ಮಾತ್ರೆ

ಬೇಗೂರಿನ ಅಂಗಡಿಯಾತ ಕತ್ತರಿಸಿ ಕೊಟ್ಟದ್ದು ಬಹುಶಃ ಟ್ರಾನೆಕ್ಸಮಿಕ್ ಆಮ್ಲ ಇರುವ ಮಾತ್ರೆ. ಅದರ ಹಿಂದೆಯೂ ಒಬ್ಬ ಹೆಂಗಸಿದ್ದಾಳೆ. ಜಪಾನಿನ ವೈದ್ಯೆ ಉತಾಕೊ ಒಕಾಮೊಟೊ ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಗಂಡನ ಜೊತೆ ದುಡಿದು, 1962ರಲ್ಲಿ ಇದನ್ನು ಲೋಕಕ್ಕೆ ಕೊಟ್ಟಳು. 20 ಸಾವಿರ ತಾಯಂದಿರ ಮೇಲೆ ನಡೆದ ಅಂತರರಾಷ್ಟ್ರೀಯ ಪರೀಕ್ಷೆ ಅವಳ ನಂಬಿಕೆ ಸರಿಯೆಂದು ತೋರಿಸಿದ್ದು 2017ರಲ್ಲಿ, ಅವಳು ತೀರಿಕೊಂಡ ಮರುವರ್ಷ. ಹೆಪ್ಪು ಬೇಗ ಕರಗದಂತೆ ಹಿಡಿಯುವ ಒಳ್ಳೆಯ ಔಷಧ. ಅತಿ ಮುಟ್ಟನ್ನು ಅರ್ಧದಷ್ಟು ಇಳಿಸಬಲ್ಲದು. ಆದರೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ ಅದು ಸಲ್ಲದು. ಗರ್ಭನಾಳದ ಬಸಿರನ್ನಾಗಲಿ, ಗರ್ಭಕೊರಳಿನ ಹುಣ್ಣನ್ನಾಗಲಿ ಅದು ಗುಣಪಡಿಸದು, ಸ್ವಲ್ಪ ದಿನ ಸುಮ್ಮನಿರಿಸೀತು.

ಯಾವ ಮಾತ್ರೆಗೂ ಕಾಯದೆ ಹೊರಡಬೇಕಾದ ಹೊತ್ತುಗಳನ್ನು ಮನೆಯವರೆಲ್ಲ ತಿಳಿದಿರಲಿ. ಗಂಟೆಗೊಂದು ಪ್ಯಾಡ್ ನೆನೆಯುತ್ತ ಎರಡು ಗಂಟೆ ದಾಟಿದರೆ, ಎದ್ದು ನಿಂತರೆ ಕಣ್ಣು ಕತ್ತಲಿಟ್ಟರೆ, ಎದೆ ಡವಗುಟ್ಟಿ ಮೈ ತಣ್ಣಗಾದರೆ, ರಕ್ತದ ಜೊತೆ ಜ್ವರವೋ ಒಂದೇ ಪಕ್ಕದ ತೀವ್ರ ನೋವೋ ಇದ್ದರೆ, ಬಸಿರಿನ ಅನುಮಾನವಿದ್ದರೆ 108ಕ್ಕೆ ಕರೆ ಮಾಡಬೇಕು. ಅಷ್ಟಿಲ್ಲದಿದ್ದರೂ, ಮೂರು ತಿಂಗಳು ಲೆಕ್ಕ ತಪ್ಪಿದ್ದರೆ ವೈದ್ಯರ ಮುಂದೆ ಕೂರಬೇಕು.

ಕೂರುವಾಗ ಒಂದು ಚೀಟಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ನಾಚಿಕೆಯಾದರೆ ಬಾಯಲ್ಲಿ ಹೇಳುವುದೇ ಬೇಡ, ಚೀಟಿ ಮುಂದಿಟ್ಟರಾಯಿತು. ಶುರುವಾದದ್ದು ಮಾರ್ಚ್ 3. ಹೋದದ್ದು ಹತ್ತು ದಿನ. ದಿನಕ್ಕೆ ಆರು ಪ್ಯಾಡ್, ಗಂಟು ಇತ್ತು. ಆಪರೇಷನ್ ಆಗಿದೆ. ಅಮ್ಮನಿಗೂ ಹೀಗೇ ಆಗುತ್ತಿತ್ತು. ನಿಲ್ಲೋ ಮಾತ್ರೆ ನಾಲ್ಕು ತಗೊಂಡೆ, ಹೆಸರು ಗೊತ್ತಿಲ್ಲ.